ಮಂಗಳವಾರದ ಇಲಿಗಳು

ನಮ್ಮ ಅವ್ವ ರಾಮದುರ್ಗದ ನೇಕಾರರ ಮನೆಯ ಮಗಳು. ಅವರ ಮನೆಯಲ್ಲಿ ಗಣೇಶ ಚೌತಿಯ ಮರುದಿನ ಇಲಿವಾರ. ಅಂದು ಮಗ್ಗಕ್ಕೆ ರಜೆ, ಕತ್ತರಿ ಮುಟ್ಟುವಂತಿಲ್ಲ. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ಅಂಚಿಗೆ ಇಲಿಗೆಂದು ಎರಡು ಕಡುಬು ಇಟ್ಟು, ವರ್ಷವಿಡೀ ನಮ್ಮ ನೂಲು ಕಡಿಯಬೇಡಪ್ಪ ಎಂದು ಕೈಮುಗಿಯುತ್ತಾರೆ. ಮದುವೆಯಾಗಿ ಮನೋಳಿಗೆ ಬಂದಾಗ ಈ ಮನೆಯಲ್ಲಿ ಮಗ್ಗವೇ ಇರಲಿಲ್ಲ. ಅಪ್ಪನದು ಅರಿವೆ ಅಂಗಡಿ. ಆದರೂ ಅವ್ವ ಇಲಿವಾರ ಬಿಡಲಿಲ್ಲ. ಅಂಗಡಿಯ ಒಳಗೆ, ಸೀರೆಯ ಗಂಟುಗಳ ಹಿಂದೆ, ಎಲೆಯ ಮೇಲೆ ಎರಡು ಕಡುಬು ಇಡುತ್ತಿದ್ದಳು. ಮಾರನೆಯ ದಿನ ಎಲೆ ಬರಿದಾಗಿದ್ದರೆ ಅವಳ ಮುಖ ನೋಡಬೇಕಿತ್ತು.

ಅಂಥವಳ ಮಗಳಾದ ನಾನು ಇಲಿ ಕೊಯ್ಯುವ ಕೆಲಸ ಹಿಡಿದೆ.

ಔಷಧ ವಿಜ್ಞಾನ ಓದಿದ್ದೆ. ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಡಾಕ್ಟರೇಟ್‌ಗೆ ಸೇರಿಕೊಂಡೆ. ವಿಷಯ ಅಡೆನೊಸಿನ್. ಇದು ನಮ್ಮ ಮೈಯಲ್ಲೇ ಹುಟ್ಟುವ ವಸ್ತು. ಜೀವಕೋಶ ದುಡಿದು ದಣಿದಾಗ ಹೊರಬಿದ್ದು ಸುತ್ತಲಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅದನ್ನೇ ಹೋಲುವ ಔಷಧಗಳನ್ನು ಲಿವರ್‌ಗೆ ಕೊಟ್ಟರೆ ಅಲ್ಲಿನ ರಕ್ತದ ಹರಿವು ಎಷ್ಟು ಬದಲಾಗುತ್ತದೆ, ಲಿವರ್ ಎಷ್ಟು ಸಕ್ಕರೆ ಹೊರಗೆ ಬಿಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಇಲಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಲಿವರ್‌ಗೆ ಹೋಗುವ ಎರಡು ನಾಳಗಳಿಗೂ ಸಣ್ಣ ಕೊಳವೆ ಕಟ್ಟಿ, ಬೆಚ್ಚಗಿನ ಉಪ್ಪುನೀರು ಹರಿಸಬೇಕು. ರಕ್ತ ತೊಳೆದುಹೋಗುತ್ತಿದ್ದಂತೆ ಆ ಕಡುಗೆಂಪು ಲಿವರ್ ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೊದಲ ವಾರ ನಾನು ಚಹಾ ಕುಡಿಯಲಿಲ್ಲ. ಎರಡನೆಯ ವಾರ ಕುಡಿದೆ. ಮನುಷ್ಯರು ಅಷ್ಟೇ.

ಅವ್ವನಿಗೆ ಇದನ್ನೆಲ್ಲ ಹೇಳುವ ಅಗತ್ಯವಿರಲಿಲ್ಲ. ನನಗೆ ಬಾಯಿಚಪಲ, ಜೊತೆಗೆ ಕಲಿತ ಜಂಭ. ಒಂದು ಭಾನುವಾರ ಮನೋಳಿಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಕುಳಿತು ಪಾಠ ಶುರುಮಾಡಿದೆ. ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ದೊಡ್ಡ ನಾಳದಿಂದ, ಉಳಿದದ್ದು ಒಂದು ಸಣ್ಣ ಅಪಧಮನಿಯಿಂದ. ದೊಡ್ಡದರಲ್ಲಿ ಹರಿವು ಇಳಿದರೆ ಸಣ್ಣದು ತಾನಾಗಿ ಹಿಗ್ಗಿ ಹೆಚ್ಚು ರಕ್ತ ತರುತ್ತದೆ.

"ನವಿಲುತೀರ್ಥದ ಕಾಲುವಿ ನೀರು ಬಂದ್ ಆದ್ರ ರೈತರು ಬಾವಿ ಪಂಪ್ ಚಾಲೂ ಮಾಡತಾರಲ್ಲ, ಹಂಗ" ಎಂದೆ.

"ಚಾಲೂ ಮಾಡು ಅಂತ ಹೇಳಾವ್ರು ಯಾರು?" ಎಂದು ಕೇಳಿದಳು ಅವ್ವ.

ನಮ್ಮ ಮಾರ್ಗದರ್ಶಕರು ಮೊದಲ ದಿನ ನನ್ನನ್ನು ಕೇಳಿದ್ದ ಪ್ರಶ್ನೆ ಅದೇ. ಹರಿವು ಇದ್ದಾಗ ಅಡೆನೊಸಿನ್ ತೊಳೆದುಹೋಗುತ್ತಿರುತ್ತದೆ. ಹರಿವು ಇಳಿದಾಗ ಅಲ್ಲಿಯೇ ಸೇರಿಕೊಂಡು, ಪಕ್ಕದ ಅಪಧಮನಿಯನ್ನು ಹಿಗ್ಗಿಸುತ್ತದೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಅವ್ವನಿಗೆ ಅದು ಒಂದೇ ಸಲಕ್ಕೆ ತಿಳಿಯಿತು. ತಿಳಿದ ಖುಷಿಯಲ್ಲಿ ನಾನು ಮುಂದುವರಿಸಿದೆ. ಅರ್ಧ ಇಲಿಗಳಿಗೆ ಹೊಟ್ಟೆತುಂಬ ತಿನ್ನಿಸಿರುತ್ತೇವೆ, ಅರ್ಧ ಇಲಿಗಳನ್ನು ಹಿಂದಿನ ಸಂಜೆಯಿಂದ ಉಪವಾಸ ಕೆಡವಿರುತ್ತೇವೆ. ಔಷಧ ಬಿದ್ದ ಕೂಡಲೆ ಉಂಡ ಇಲಿಯ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಉಪವಾಸದ ಇಲಿಯ ಲಿವರ್ ಏನೂ ಬಿಡುವುದಿಲ್ಲ. ಅದರ ಬಳಿ ಇದ್ದರೆ ತಾನೆ?

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು.

"ಉಪವಾಸ ಕೆಡವಿ ಕೊಲ್ಲತೀರೇನು?"

ಪಕ್ಕದಲ್ಲಿ ಉಣ್ಣುತ್ತಿದ್ದ ಅಣ್ಣ ನಕ್ಕ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮನ್ಯಾಗ ಕಡಬು, ಬೆಳಗಾವ್ಯಾಗ ಕತ್ತರಿ. ಚಲೋ ಐತಿ ನಿಮ್ಮಿಬ್ಬರ ಇಲಿ ಭಕ್ತಿ."

ಅವ್ವ ನಗಲಿಲ್ಲ. ಯಾವ ವಾರ ಮಾಡುತ್ತೀರಿ ಎಂದು ಕೇಳಿದಳು. ಮಂಗಳವಾರ ಎಂದೆ. ಸೋಮವಾರ ಸಂಜೆ ಕಾಳು ತೆಗೆಯುತ್ತೇವೆ, ನೀರು ಮಾತ್ರ ಇಡುತ್ತೇವೆ. ಸಕ್ಕರೆ ಹಾಕಿದ ನೀರೋ ಎಂದು ಕೇಳಿದಳು. ಅಲ್ಲ, ಬರೀ ನೀರು.

"ಹಂಗಾರ ನಾನೂ ಅಷ್ಟ. ಸೋಮವಾರ ಸಂಜೀಗೆ ಬಂದ್. ಮಂಗಳವಾರ ಸಂಜೀತನಕ ಬರೀ ನೀರು. ಅವು ನಿನ್ನ ಓದಿನ ಸಲುವಾಗಿ ಸಾಯತಾವು. ಒಂದ ದಿನ ಅವುಗಳ ಜೋಡಿ ಹಸದ ಇದ್ರ ನನ್ನ ಗಂಟ ಏನ ಹೋಗತೈತಿ?"

ಮಂಗಳವಾರ ಎಲ್ಲಮ್ಮನ ವಾರವೂ ಹೌದು. ಸವದತ್ತಿ ಸೀಮೆಯಲ್ಲಿ ಆ ದಿನ ಒಪ್ಪತ್ತು ಇರುವ ಹೆಂಗಸರಿಗೇನು ಬರವಿಲ್ಲ. ಹಾಗಾಗಿ ಅವ್ವನ ಉಪವಾಸ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅದು ದೇವಿಯ ಸಲುವಾಗಿ ಅಲ್ಲ, ಬೆಳಗಾವಿಯ ಪಂಜರದಲ್ಲಿದ್ದ ಬಿಳಿ ಇಲಿಗಳ ಸಲುವಾಗಿ ಎಂಬುದು ನಮ್ಮ ಮೂವರಿಗಷ್ಟೇ ಗೊತ್ತಿತ್ತು.

ಪ್ರತಿ ಭಾನುವಾರ ಫೋನಿನಲ್ಲಿ ಕೇಳುವಳು: "ಈ ಮಂಗಳವಾರ ಐತೇನು?" ಐತಿ ಎಂದರೆ ಉಪವಾಸ. ಇಲ್ಲ ಎಂದರೆ ಊಟ. ಪ್ರಯೋಗಾಲಯದ ದಿನಚರಿ ಪುಸ್ತಕದಷ್ಟೇ ಸರಿಯಾಗಿ ಅವಳ ಹೊಟ್ಟೆ ನಡೆಯುತ್ತಿತ್ತು. ಮಂಗಳವಾರ ಮಧ್ಯಾಹ್ನಕ್ಕೆ ಅವಳಿಗೆ ತಲೆಶೂಲೆ. ದಿನಕ್ಕೆ ಐದು ಸಲ ಚಹಾ ಕುಡಿಯುವ ಹೆಂಗಸು. ಚಹಾದೊಳಗಿನ ಕೆಫೀನು ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಅದಕ್ಕೇ ಚಹಾ ಕುಡಿದವರಿಗೆ ದಣಿವು ತಿಳಿಯುವುದಿಲ್ಲ. ಚಹಾ ನಿಲ್ಲಿಸಿದ ದಿನ ಅಡೆನೊಸಿನ್ ಬಂದು ತನ್ನ ಜಾಗ ಹಿಡಿಯುತ್ತದೆ, ತಲೆಯ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಅವ್ವನ ತಲೆಶೂಲೆ ನನ್ನ ಸಂಶೋಧನೆಯದೇ ವಿಷಯ. ಆಗ ನನಗೆ ಅದು ತಮಾಷೆಯಾಗಿ ಕಂಡಿತ್ತು, ಸ್ನೇಹಿತೆಯರಿಗೆ ಹೇಳಿ ನಕ್ಕಿದ್ದೆ ಕೂಡ. ಈಗ ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮೂರನೆಯ ವರ್ಷ ಮಾರ್ಗದರ್ಶಕರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರಿಗೆ ಬೇರೆ ವಿಷಯದಲ್ಲಿ ಆಸಕ್ತಿ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಮತ್ತೆ ಕೇಳಲಿಲ್ಲ. ಒಂದು ಶನಿವಾರ ಪಂಜರ ಖಾಲಿ ಮಾಡಿರಿ ಎಂದರು. ಹನ್ನೊಂದು ಇಲಿ ಉಳಿದಿದ್ದವು. ನಿಯಮದ ಪ್ರಕಾರ ಅವನ್ನು ಹೊರಗೆ ಬಿಡುವಂತಿಲ್ಲ, ನೋವಾಗದಂತೆ ಮುಗಿಸಬೇಕು. ಚುಚ್ಚುಮದ್ದು ಕೊಟ್ಟವಳು ನಾನೇ. ಅಂದು ಮಂಗಳವಾರವೂ ಅಲ್ಲ, ಅವ್ವನಿಗೆ ಹೇಳಲೂ ಇಲ್ಲ. ಆ ಹನ್ನೊಂದಕ್ಕೆ ಯಾರೂ ಉಪವಾಸ ಬೀಳಲಿಲ್ಲ.

ಡಾಕ್ಟರೇಟ್ ಅರ್ಧಕ್ಕೇ ಬಿಟ್ಟು ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸಲು ಸೇರಿದೆ. ಮನೆಯಲ್ಲಿ ಹೇಳಿದ್ದು ಬೇರೆ: ಕಲಿಸುವುದೂ ಆಗುತ್ತದೆ, ಮಂಗಳವಾರ ಬೆಳಗಾವಿಗೆ ಹೋಗಿ ಪ್ರಯೋಗವೂ ಆಗುತ್ತದೆ. ಯಾಕೆ ಸುಳ್ಳು ಹೇಳಿದೆ? ಅಪ್ಪ ತೀರಿಕೊಂಡ ವರ್ಷ ಅಣ್ಣ ಓದು ಬಿಟ್ಟು ಅಂಗಡಿಗೆ ಕುಳಿತಿದ್ದ, ನಾನಾದರೂ ಓದಲಿ ಎಂದು. ಅವ್ವ ಓಣಿಗೆಲ್ಲ ನನ್ನ ಮಗಳು ಲಿವರ್‌ಗೆ ಔಷಧ ಹುಡುಕುತ್ತಾಳೆ ಎಂದು ಹೇಳಿಕೊಂಡು ಬಂದಿದ್ದಳು. ಕಿತ್ತೂರಿನದೊಂದು, ರಾಮದುರ್ಗದ ಮಾಸ್ತರರದೊಂದು ಸಂಬಂಧವನ್ನು ನಾನು ಸಂಶೋಧನೆಯ ಹೆಸರಲ್ಲಿ ಬೇಡ ಎಂದಿದ್ದೆ. ಸಂಶೋಧನೆ ನಿಂತಿತು ಎಂದರೆ ಇವರೆಲ್ಲರ ಮುಂದೂ ತಲೆ ತಗ್ಗಿಸಬೇಕಿತ್ತು. ನನಗೆ ತಲೆ ತಗ್ಗಿಸಿ ಅಭ್ಯಾಸವಿಲ್ಲ.

ಉಪವಾಸದ ನೆನಪೇ ಆಗಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಆಯಿತು. ಭಾನುವಾರ ಅವಳು "ಐತೇನು?" ಎಂದು ಕೇಳಿದಾಗಲೆಲ್ಲ ಆಯಿತು. ಇಲ್ಲ ಎಂದು ಎಷ್ಟು ವಾರ ಹೇಳಲಾದೀತು? ನಾಲ್ಕು ವಾರ ಇಲ್ಲ ಎಂದರೆ, "ಯಾಕವ್ವಾ, ಕೆಲಸ ನಿಂತತೇನು?" ಎಂದು ಕೇಳುವಳು. ಆಗ ಐತಿ ಎನ್ನುತ್ತಿದ್ದೆ. ಒಂದು ದಿನ ಹಸಿದರೆ ಏನಾಗುತ್ತದೆ, ಊರ ಹೆಂಗಸರೆಲ್ಲ ಹಸಿಯುವುದಿಲ್ಲವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸತ್ತುಹೋದ ಇಲಿಗಳ ಹೆಸರಲ್ಲಿ ಅವ್ವ ಎರಡು ವರ್ಷ ಹಸಿದಳು.

ಆಮೇಲೆ ಅವಳ ಕಾಲು ಬಾತುಕೊಂಡವು. ಕಣ್ಣು ಹಳದಿಯಾದವು. ಬೈಲಹೊಂಗಲದ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಲಿವರ್ ಗಟ್ಟಿಯಾಗಿದೆ ಎಂದರು. ಹೆಂಡ ಸೆರೆ ಮುಟ್ಟದ ಹೆಂಗಸಿಗೆ ಇದು ಹೇಗೆ ಬಂತು ಎಂದು ಅಣ್ಣ ನಾಲ್ಕು ಸಲ ಕೇಳಿದ. ಲಿವರ್‌ನಲ್ಲಿ ಕೊಬ್ಬು ಕೂಡಿ ಕೂಡಿ, ವರ್ಷಗಟ್ಟಲೆ ಸದ್ದಿಲ್ಲದೆ ಹೀಗಾಗುವುದುಂಟು ಎಂದು ಡಾಕ್ಟರು ನಾಲ್ಕು ಸಲವೂ ತಾಳ್ಮೆಯಿಂದ ಹೇಳಿದರು. ನಾನು ಸ್ಕ್ಯಾನಿನ ವರದಿ ಓದುತ್ತಿದ್ದೆ. ದೊಡ್ಡ ನಾಳದಲ್ಲಿ ಹರಿವು ನಿಧಾನ. ಅಪಧಮನಿಯಲ್ಲಿ ಹೆಚ್ಚು. ಅವ್ವನ ಮೈ ಯಾರಿಗೂ ಹೇಳದೆ ಬಾವಿಯ ಪಂಪು ಚಾಲೂ ಮಾಡಿಕೊಂಡಿತ್ತು. ಇಲಿಯಲ್ಲಿ ನೂರು ಸಲ ನೋಡಿದ್ದನ್ನು ಅವ್ವನ ಹೆಸರಿದ್ದ ಹಾಳೆಯಲ್ಲಿ ನೋಡಿದಾಗ ಅಕ್ಷರಗಳು ಕಾಣದಾದವು.

ಡಾಕ್ಟರು ಅವ್ವನಿಗೆ ಹೇಳಿದರು: "ಅಮ್ಮಾರ, ಉಪ್ಪು ಕಡಿಮಿ ಮಾಡ್ರಿ. ಮತ್ತ ಇನ್ನ ಮ್ಯಾಲೆ ಉಪವಾಸ ಪೂರಾ ಬಿಡ್ರಿ. ಮಲಗೂ ಮುಂದ ಏನರ ತಿನ್ರಿ, ಎದ್ದ ಕೂಡ್ಲೆ ಏನರ ತಿನ್ರಿ. ನಿಮ್ಮ ಲಿವರ್‌ನ್ಯಾಗ ಕೂಡಿಟ್ಟದ್ದು ಏನೂ ಇಲ್ಲ."

"ಹೂಂನ್ರಿ" ಎಂದಳು ಅವ್ವ. ಹೊರಗೆ ಬಂದಮೇಲೆ ನನ್ನ ಕಿವಿಯಲ್ಲಿ, "ಇನ್ನ ಎಷ್ಟ ಮಂಗಳವಾರ ಉಳದಾವು?" ಎಂದು ಕೇಳಿದಳು.

ಅಲ್ಲಿಯೇ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಹೇಳಬೇಕಿತ್ತು. ಅಣ್ಣ ಪಕ್ಕದಲ್ಲಿದ್ದ. ನಾನು ಜಾಣತನ ಮಾಡಿದೆ. "ಈ ತಿಂಗಳು ಪ್ರಯೋಗ ಇಲ್ಲವ್ವಾ, ಮುಂದನೂ ಇರಲಿಕ್ಕಿಲ್ಲ" ಎಂದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ನಿಂತು ಎರಡು ವರ್ಷವಾಯಿತು ಎನ್ನುವ ಒಂದು ವಾಕ್ಯ ತಪ್ಪಿಸಲು ಎಷ್ಟು ಸುತ್ತು. ಆದರೂ ಮೂರು ವಾರ ಅವಳು ಉಂಡಳು. ಮುಖಕ್ಕೆ ಸ್ವಲ್ಪ ಕಳೆ ಬಂತು, ನನ್ನ ಜಾಣತನ ಫಲಿಸಿತು ಎಂದುಕೊಂಡೆ.

ನಾಲ್ಕನೆಯ ಭಾನುವಾರ ಅಣ್ಣ ಫೋನು ಮಾಡಿದ. ರಾಮದುರ್ಗದ ಆ ಮಾಸ್ತರರ ಮನೆಯವರು ಇನ್ನೂ ಕಾಯುತ್ತಿದ್ದಾರೆ, ಮಂಗಳವಾರ ನೋಡಲು ಬರುತ್ತಾರೆ, ಅವ್ವನ ಕಣ್ಣಮುಂದೆ ಒಂದು ತೀರ್ಮಾನವಾಗಲಿ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

"ಮಂಗಳವಾರ ಆಗೂದಿಲ್ಲಣ್ಣ. ಪ್ರಯೋಗ ಐತಿ."

"ಇಲ್ಲ ಅಂದಿದ್ದಿ?"

"ಅವಸರದ್ದು ಬಂದೈತಿ. ಬಿಡಾಕ ಬರೂದಿಲ್ಲ."

ಅವ್ವ ಅವನ ಪಕ್ಕದಲ್ಲಿ ಕುಳಿತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಹೇಳುತ್ತಿದ್ದೆನೆ? ಹೇಳುತ್ತಿದ್ದೆ ಎಂದು ನಂಬಿಕೊಂಡಿದ್ದೇನೆ.

ಮಂಗಳವಾರ ಬೆಳಿಗ್ಗೆ ಹತ್ತೂವರೆ. ನಾನು ತರಗತಿಯಲ್ಲಿದ್ದೆ, ಬೆಳಗಾವಿಯಲ್ಲಲ್ಲ. ಅಣ್ಣನ ಫೋನು ಎರಡು ಸಲ ಬಂತು, ಮೂರನೆಯ ಸಲ ಎತ್ತಿದೆ.

"ತಂಗಿ, ಅವ್ವ ಏಳವಲ್ಲಳು. ಉಪವಾಸದ ನಿತ್ರಾಣ ಇರಬೇಕು, ಮಲಗಲಿ ಅಂತ ಬಿಟ್ಟಿದ್ದೆ. ಈಗ ಎಬ್ಬಿಸಿದ್ರ ಏನೋ ಬಡಬಡಸತಾಳ. ಮೈಯೆಲ್ಲ ಬೆವರು."

"ಉಪವಾಸ ಯಾಕ?"

"ನಿನ್ನ ಪ್ರಯೋಗ ಐತೆಲ್ಲ? ನಿನ್ನೆ ಸಂಜೀಗೇ ಬಂದ್ ಮಾಡ್ಯಾಳ. ಬ್ಯಾಡ ಅಂದ್ರ ಕೇಳಲಿಲ್ಲ."

ಉಪವಾಸ ಕೆಡವಿದ ಲಿವರ್ ಏನೂ ಕೊಡುವುದಿಲ್ಲ. ಇದು ಜಗತ್ತಿನಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ನನಗೆ ಗೊತ್ತಿತ್ತು. ದವಡೆಯ ಒಳಗೆ ಸಕ್ಕರೆ ಹಚ್ಚು, ನೀರು ಸುರಿಯಬೇಡ, ಈಗಿಂದೀಗ ಸವದತ್ತಿ ಆಸ್ಪತ್ರೆಗೆ ಒಯ್ಯಿ ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ತರಗತಿಯ ಹುಡುಗಿಯರು ಎದ್ದು ನಿಂತಿದ್ದರು.

ಬೈಲಹೊಂಗಲದಿಂದ ಸವದತ್ತಿಗೆ ಬಸ್ಸಿನಲ್ಲಿ ತಾಸಿನ ಮೇಲಿನ ದಾರಿ. ಕಿಟಕಿಯಾಚೆ ಕಬ್ಬಿನ ಲಾರಿಗಳು ಎದುರಾಗುತ್ತಿದ್ದವು. ಎಷ್ಟು ಸಕ್ಕರೆ ಹೊತ್ತು ಹೋಗುತ್ತಿವೆ ಎಂದು ಅನಿಸಿತು, ಅಂಥ ಹೊತ್ತಿನಲ್ಲೂ ಅಂಥದ್ದು ಅನಿಸುತ್ತದಲ್ಲ ಎಂದು ನಾಚಿಕೆಯಾಯಿತು. ನಾನು ಮುಟ್ಟುವ ಹೊತ್ತಿಗೆ ಗ್ಲುಕೋಸ್ ಏರಿಸಿ ಆಗಿತ್ತು. ಅವ್ವ ಕಣ್ಣು ಬಿಟ್ಟಿದ್ದಳು. ಸೂಜಿ ಚುಚ್ಚಿದ್ದ ಕೈಯನ್ನು ಹಾಸಿಗೆಯ ಮೇಲೆ ಚಾಚಿ, ನನ್ನನ್ನು ಕಂಡು ಮೊದಲು ಕೇಳಿದ ಮಾತು: "ಪ್ರಯೋಗ ಬಿಟ್ಟು ಬಂದೀ?"

ಅಣ್ಣ ಔಷಧ ತರಲು ಹೊರಗೆ ಹೋದ. ಸ್ಟೂಲು ಎಳೆದು ಕುಳಿತೆ. ಇನ್ನು ತಡೆಯಲಾಗಲಿಲ್ಲ.

"ಅವ್ವಾ, ಪ್ರಯೋಗ ಇಲ್ಲ. ನಿಂತು ಎರಡು ವರ್ಷ ಆತು. ನಾ ಸುಳ್ಳ ಹೇಳಿದೆ. ನೀ ಸುಮ್ಮಸುಮ್ಮನ ಹಸದಿ."

ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿ ಎಂದು ಬಯಸಿದೆ. ಅವಳು ಕತ್ತು ಹೊರಳಿಸಿ, ಬಾಟಲಿಯಿಂದ ಇಳಿಯುತ್ತಿದ್ದ ಗ್ಲುಕೋಸಿನ ಹನಿ ನೋಡತೊಡಗಿದಳು. ನನ್ನ ಮಾತು ತಲೆಗೆ ಹತ್ತಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಲು ಬಾಯಿ ತೆರೆದೆ.

"ಹಂಗಾರ ಎರಡು ವರ್ಷದಾಗ ನೀ ಒಂದೂ ಇಲಿ ಕೊಂದಿಲ್ಲ?"

"ಇಲ್ಲವ್ವಾ."

"ಪಂಜರದಾಗ ಇದ್ದದ್ದು? ಅವು ಬದುಕ್ಯಾವೇನು?"

ಅವಳ ಹಳದಿ ಕಣ್ಣು ನನ್ನ ಮೇಲೆ ನಿಂತಿತ್ತು. ಅದರಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಹನ್ನೊಂದು ಇಲಿಗಳ ಬೆಚ್ಚಗಿನ ಹೊಟ್ಟೆ ನನ್ನ ಬೆರಳಿಗೆ ನೆನಪಾಯಿತು. ಎರಡು ವರ್ಷದ ಸುಳ್ಳನ್ನು ಆಗಷ್ಟೇ ಕಕ್ಕಿದ ಬಾಯಿ ನನ್ನದು.

"ಬದುಕ್ಯಾವವ್ವಾ. ಹೊರಗ ಬಿಟ್ಟೇವಿ."

"ಚಲೋ ಆತು" ಎಂದಳು. ಕಣ್ಣು ಮುಚ್ಚಿಕೊಂಡಳು. "ನಾ ಹಸದದ್ದು ದಂಡ ಆಗಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಚಹಾ ಬೇಕು ಎಂದಳು. ಸಕ್ಕರೆ ಜಾಸ್ತಿ ಹಾಕಿಸಿ ತಂದುಕೊಟ್ಟೆ. ತಟ್ಟೆಗೆ ಸುರಿದುಕೊಂಡು, ಆರಿಸಿಕೊಂಡು, ಪೂರ್ತಿ ಕುಡಿದಳು.

ಆಮೇಲೆ ಅವಳು ಒಂದೂ ಮಂಗಳವಾರ ತಪ್ಪಿಸದೆ ಉಂಡಳು. ರಾತ್ರಿ ಮಲಗುವ ಮುಂಚೆ ಗಂಜಿ, ಎದ್ದ ಕೂಡಲೆ ಗಂಜಿ. ನಾನು ರಜೆ ಹಾಕಿ ಮನೋಳಿಯಲ್ಲೇ ಉಳಿದು ಉಣಿಸಿದೆ. ಆದರೆ ಹೊಟ್ಟೆಯಲ್ಲಿ ನೀರು ತುಂಬತೊಡಗಿತ್ತು. ಎರಡು ತಿಂಗಳಿಗೆ ಹೋದಳು. ರೋಗವೇ ಅಂಥದು, ಉಪವಾಸ ಇಲ್ಲದಿದ್ದರೂ ಹೀಗೇ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಒಳ್ಳೆಯವರು, ನನ್ನ ಮುಖ ನೋಡಿ ಹೇಳಿದರು. ನಾನು ಒಪ್ಪಿದವಳಂತೆ ತಲೆಯಾಡಿಸಿದೆ. ಗಟ್ಟಿಯಾದ ಲಿವರ್‌ಗೆ ಹಸಿವು ಏನು ಮಾಡುತ್ತದೆ ಎಂದು ಅವರು ಪುಸ್ತಕದಲ್ಲಿ ಓದಿದ್ದಾರೆ. ಬರಿದಾದ ಲಿವರ್ ಅನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ.

ಅಣ್ಣನಿಗೂ ಎಲ್ಲ ಹೇಳಿದೆ. ಅವನು ಹದಿನೈದು ದಿನ ಮಾತಾಡಲಿಲ್ಲ. ಹದಿನಾರನೆಯ ದಿನ, "ಉಂಡೇನು?" ಎಂದು ಕೇಳಿದ. ಅಷ್ಟರಲ್ಲೇ ಮುಗಿಯಿತು. ಹನ್ನೊಂದು ಇಲಿಯ ಮಾತು ಮಾತ್ರ ಅವನಿಗೂ ಹೇಳಲಿಲ್ಲ. ಅವ್ವ ನಂಬಿ ಹೋದದ್ದನ್ನು ಅವಳ ಬೆನ್ನ ಹಿಂದೆ ಒಡೆಯಲು ಮನಸ್ಸು ಬರಲಿಲ್ಲ.

ಆ ವರ್ಷದ ಚೌತಿ ಬಂತು. ವರ್ಷ ತುಂಬದ ಮನೆ, ಹಬ್ಬ ಮಾಡುವಂತಿಲ್ಲ. ಗಣಪತಿ ಕೂರಿಸಲಿಲ್ಲ. ಮರುದಿನ ಬೆಳಿಗ್ಗೆ ನಾನು ಹೂರಣಕ್ಕೆ ಬೇಳೆ ಕುದಿಸಲು ಇಟ್ಟಾಗ ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು, ಬೇಡ ಎನ್ನಲಿಲ್ಲ. ನನಗೆ ಕಡುಬು ಮಡಿಚಲು ಬರುವುದಿಲ್ಲ. ಅಂಚು ಬಿಚ್ಚಿಕೊಂಡವು, ಒಂದಷ್ಟು ಒಡೆದವು. ನೆಟ್ಟಗಿದ್ದವನ್ನು ಆರಿಸಿ, ಅಂಗಡಿಗೆ ಒಯ್ದು, ಸೀರೆಯ ಗಂಟುಗಳ ಹಿಂದೆ ಎಲೆ ಹಾಸಿ ಇಟ್ಟೆ.

ಅಣ್ಣ ಗಲ್ಲೆಯಿಂದ ಎದ್ದು ಬಂದು ಬಗ್ಗಿ ನೋಡಿದ.

"ಅವ್ವ ಎರಡ ಇಡತಿದ್ದಳು. ನೀ ಹನ್ನೊಂದ ಇಟ್ಟೀಯಲ್ಲ. ಇಷ್ಟ ಇಲಿ ಎಲ್ಲಿ ಅದಾವು ನಮ್ಮ ಅಂಗಡ್ಯಾಗ?"

"ಅದಾವ" ಎಂದೆ.